ಇನ್ನೊಬ್ಬರು ಒಳಗಿದ್ದಾರೆ

ಪಟ್ಟಿ ಖಾಲಿಯಾಗಿತ್ತು.

ಒರೆಸೋ ಅಮ್ಮ ಕನ್ನಡಕ ಮೇಲೇರಿಸಿಕೊಂಡು ಇನ್ನೊಮ್ಮೆ ನೋಡಿದಳು. ಮನೆಯಲ್ಲಿ ಕೂತೇ ಆಸ್ಪತ್ರೆಯ ಕಂಪ್ಯೂಟರನ್ನು ತೆರೆಯುವ ಆ ಪುಟ್ಟ ಕಿಟಕಿಯಲ್ಲಿ, ಹಿಂದೆ ಯಾವ ಯಾವ ಯಂತ್ರಕ್ಕೆ ಹೋಗಿದ್ದರೆಂಬ ಹೆಸರುಗಳು ಸಾಲಾಗಿ ಇರಬೇಕಿತ್ತು. ಒಂದೂ ಇರಲಿಲ್ಲ. ತಾನು ಒರೆಸಲು ಬಂದದ್ದನ್ನು ಯಾರೋ ಮುಂಚೆಯೇ ಒರೆಸಿಟ್ಟಿದ್ದರು.

ಹದಿನೆಂಟು ವರ್ಷದಿಂದ ಆಕೆಗೆ ಇದೇ ಕೆಲಸ. ಆಸ್ಪತ್ರೆ ಬಿಟ್ಟವರ, ನಿವೃತ್ತರಾದವರ, ತೀರಿಕೊಂಡವರ ಮನೆಗೆ ಹೋಗಿ, ಕಂಪ್ಯೂಟರಿನಲ್ಲಿ ಉಳಿದುಕೊಂಡ ಹೆಸರು, ಪಾಸ್‌ವರ್ಡ್ ಎಲ್ಲ ತೆಗೆದು, ಕಾಗದಕ್ಕೆ ಸಹಿ ಹಾಕಿಸಿಕೊಂಡು ಬರುವುದು. 'ಒರೆಸೋ ಅಮ್ಮ' ಎಂಬ ಅಡ್ಡಹೆಸರು ಕಂಪ್ಯೂಟರ್ ವಿಭಾಗದ ತರಲೆಗಳು ಇಟ್ಟದ್ದು. ಮೊದಮೊದಲು ಮೈ ಉರಿಯುತ್ತಿತ್ತು. ಈಗ ಫೋನ್ ಎತ್ತಿದರೆ ಆಕೆಯೇ ಹಾಗೆ ಹೇಳಿಕೊಳ್ಳುತ್ತಾಳೆ.

ಇದು ಸ್ಲೈಡ್ ಡಾಕ್ಟರ ಮನೆ. ರೋಗಿಯ ಮೈಯಿಂದ ತೆಗೆದ ಚೂರನ್ನು ಗಾಜಿನ ಮೇಲಿಟ್ಟು ನೋಡಿ, ರೋಗ ಇದೆ ಅಥವಾ ಇಲ್ಲ ಎಂದು, ಕೆಲವು ದಿನ ಮನೆಯಿಂದಲೇ, ವರದಿ ಬರೆಯುತ್ತಿದ್ದವರು. ಒಬ್ಬ ಟೈಲರ್‌ನ ಕತ್ತಿನ ಗಂಟಿಗೆ 'ರೋಗ ಇಲ್ಲ' ಎಂದು ಅವರ ಹೆಸರಿನಲ್ಲಿ ವರದಿ ಹೋಯಿತು. ರೋಗ ಇತ್ತು. ಎರಡು ತಿಂಗಳ ಮೇಲೆ ಟೈಲರ್ ಮತ್ತೆ ಬಂದಾಗ ಅದು ಕತ್ತು ದಾಟಿ ಎದೆಗೆ ಇಳಿದಿತ್ತು. ವಿಚಾರಣೆಯಲ್ಲಿ ಡಾಕ್ಟರ್ 'ತಪ್ಪು ನನ್ನದು' ಎಂದು ಒಂದೇ ಸಾಲು ಬರೆದುಕೊಟ್ಟರು. ಅದಾಗಿ ಎರಡನೆಯ ದಿನ ಎದೆನೋವೆಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಐದು ವಾರವಾಯಿತು.

ನಾಳೆ ಬೆಳಿಗ್ಗೆ ಸಮಿತಿ ಕೂರುತ್ತದೆ. ಸತ್ತವರ ಹೆಸರಿನ ಮುಂದೆ 'ನಿರ್ಲಕ್ಷ್ಯ' ಎಂದು ಬರೆದು ಕಡತ ಮುಚ್ಚುತ್ತಾರೆ. ಇಪ್ಪತ್ತಾರು ವರ್ಷದ ಕೆಲಸಕ್ಕೆ ಕೊನೆಗೆ ಉಳಿಯುವ ಮಾತು ಅದೊಂದೇ. ಆದರೆ ಹೋದ ವಾರ ವಾರ್ಡಿನಲ್ಲಿ ಆ ಟೈಲರ್ ಒರೆಸೋ ಅಮ್ಮನ ಕೈ ಹಿಡಿದು, ನಿಜವಾಗಿ ಯಾರು ಬರೆದರೆಂದು ತಿಳಿದರೆ ಸಾಕು, ನೆಮ್ಮದಿಯಾಗಿ ಕಣ್ಣು ಮುಚ್ಚುತ್ತೇನೆ ಎಂದಿದ್ದ. ಆಕೆ ಹುಂ ಎಂದುಬಿಟ್ಟಿದ್ದಳು. ಬಾಯಿ ಬಿಟ್ಟು ಕೊಟ್ಟ ಮಾತು, ಇನ್ನು ವಾಪಸು ತೆಗೆದುಕೊಳ್ಳುವುದು ಹೇಗೆ?

ಅದೂ ಅಲ್ಲದೆ ಇನ್ನೊಂದು ವಿಷಯ ಆಕೆಯ ತಲೆ ತಿನ್ನುತ್ತಿತ್ತು. ಯಾರಾದರೂ ಸತ್ತರೆ ಮೊದಲು ಆಸ್ಪತ್ರೆಯಲ್ಲಿ ಅವರ ಖಾತೆ ಮುಚ್ಚಬೇಕು, ಆಮೇಲೆ ಮನೆಯ ಕಂಪ್ಯೂಟರ್ ಒರೆಸಬೇಕು. ಬಾಗಿಲಿಗೆ ಬೀಗ ಹಾಕಿದ ಮೇಲೆ ತಾನೇ ಕೀಲಿಕೈ ಹುಡುಕುವುದು? ಈ ಸಲ ಖಾತೆ ಮುಚ್ಚುವ ಕಾಗದ ಲ್ಯಾಬಿನ ದೊಡ್ಡ ಡಾಕ್ಟರ ಮೇಜಿನ ಮೇಲೆ ಐದು ವಾರದಿಂದ ಸಹಿಯಿಲ್ಲದೆ ಬಿದ್ದಿತ್ತು. ಮನೆಯ ಕಂಪ್ಯೂಟರನ್ನು ಇವತ್ತು ಮಧ್ಯಾಹ್ನ ಹನ್ನೆರಡರ ಒಳಗೆ ಒರೆಸಿ ಬರಬೇಕೆಂಬ ಕಾಗದಕ್ಕೆ ಮಾತ್ರ ನಿನ್ನೆ ಸಂಜೆ ಅದೇ ಡಾಕ್ಟರ ಸಹಿ ಬಿದ್ದಿತ್ತು.

ಗೋಡೆಯ ಗಡಿಯಾರ ಹತ್ತೂ ಮುಕ್ಕಾಲು ತೋರಿಸುತ್ತಿತ್ತು.

ಪಟ್ಟಿ ಒರೆಸಿದವರಿಗೆ ಒಂದು ವಿಷಯ ಗೊತ್ತಿರಲಿಲ್ಲ. ನೂರಕ್ಕೆ ತೊಂಬತ್ತು ಮಂದಿಗೆ ಗೊತ್ತಿರುವುದಿಲ್ಲ. ಹೆಸರಿನ ಪಟ್ಟಿ ಬೇರೆ, ಪಾಸ್‌ವರ್ಡ್ ಇಡುವ ಪೆಟ್ಟಿಗೆ ಬೇರೆ. ಪಟ್ಟಿ ಅಳಿಸಿದರೆ ಪೆಟ್ಟಿಗೆ ಹಾಗೇ ಇರುತ್ತದೆ. ಆಕೆ ಪೆಟ್ಟಿಗೆ ತೆರೆದಳು. ಆಸ್ಪತ್ರೆಯ ಯಂತ್ರ, ಸ್ಲೈಡ್ ಡಾಕ್ಟರ ಹೆಸರು, ಚುಕ್ಕೆಗಳ ಹಿಂದೆ ಅಡಗಿದ ಪಾಸ್‌ವರ್ಡ್, ಎಲ್ಲ ಭದ್ರವಾಗಿದ್ದವು. ಕೊನೆಯ ಸಲ ಎಲ್ಲಿಗೆ ಹೋಗಿದ್ದರೆಂದು ನೆನಪಿಟ್ಟುಕೊಳ್ಳುವ ಒಂದು ಅಡಗಿಸಿದ ಕಡತವೂ ಇರುತ್ತದೆ. ಅದರ ದಿನಾಂಕ ನೋಡಿದ ಕೂಡಲೇ ಆಕೆಯ ಕೈ ಮೌಸಿನ ಮೇಲೆ ನಿಂತಿತು.

ಇವತ್ತಿನದು. ಬೆಳಿಗ್ಗೆ ಎಂಟೂ ಹತ್ತು.

"ಮೇಷ್ಟ್ರೇ, ಸ್ವಲ್ಪ ಬನ್ನಿ ಇಲ್ಲಿ."

ಬಾಗಿಲಲ್ಲಿ ನಿಂತಿದ್ದವರು ಡಾಕ್ಟರ ಗಂಡ. ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಹೆಂಡತಿ ಹೋದಂದಿನಿಂದ ರಜೆಯ ಮೇಲಿದ್ದಾರೆ. ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿದ್ದರು, ಹೇಳುವವರು ಯಾರೂ ಇರಲಿಲ್ಲ.

ಒರೆಸೋ ಅಮ್ಮ ಸುತ್ತುಬಳಸಿ ಮಾತಾಡುವವಳಲ್ಲ. ಸತ್ತವರ ಹೆಸರಲ್ಲಿ ಇವತ್ತು ಬೆಳಿಗ್ಗೆ ಆಸ್ಪತ್ರೆಯ ಕಂಪ್ಯೂಟರಿಗೆ ಹೋದವರು ಯಾರು, ಪಟ್ಟಿ ಅಳಿಸಿದವರು ಯಾರು ಎಂದು ನೇರವಾಗಿ ಕೇಳಿದಳು. ಮೇಷ್ಟ್ರು ತಿಪ್ಪೆ ಸಾರಿಸಲು ಹೋಗಲಿಲ್ಲ. ಎರಡೂ ತಾನೇ ಎಂದರು. ನೀವು ಬರುತ್ತೀರೆಂದು ಗೊತ್ತಾದ ಮೇಲೆ ಅಳಿಸಿದೆ ಎಂದರು.

"ಏನು ತೆಗೀತಿದ್ರಿ ಅಲ್ಲಿಂದ?"

"ಏನೂ ತೆಗೀತಿರಲಿಲ್ಲ ಮೇಡಂ. ನೋಡ್ತಿದ್ದೆ ಅಷ್ಟೇ."

ಮೇಷ್ಟ್ರು ಬಗ್ಗಿ ಸಂಪರ್ಕದ ಗುಂಡಿ ಒತ್ತಿದರು. ಪಾಸ್‌ವರ್ಡ್ ಕೇಳದೆಯೇ ಕಿಟಕಿ ತೆರೆದುಕೊಂಡಿತು. ಆಸ್ಪತ್ರೆಯಲ್ಲಿ ಹೆಂಡತಿಯ ಮೇಜಿನ ಮೇಲಿನ ಕಂಪ್ಯೂಟರ್ ಹೇಗಿತ್ತೋ ಹಾಗೇ ಬಂತು. ಒಂದು ಮೂಲೆಯಲ್ಲಿ ಹಳದಿ ಚೀಟಿಯ ಹಾಗೆ ಕಾಣುವ ಟಿಪ್ಪಣಿ. ಅದರಲ್ಲಿ ಡಾಕ್ಟರು ತಮಗೆ ತಾವೇ ಬರೆದುಕೊಂಡ ಒಂದು ಸಾಲು: 'ಸಂಜೆ ಅಮ್ಮನ ಹೊಸ ಕನ್ನಡಕ ತರಬೇಕು.'

"ಅವಳ ಬಟ್ಟೆ ಎಲ್ಲ ಕೊಟ್ಟುಬಿಟ್ಟೆ," ಎಂದರು ಮೇಷ್ಟ್ರು. "ಫೋನಲ್ಲಿರೋ ಫೋಟೋ ನೋಡೋಕಾಗಲ್ಲ, ಅದರಲ್ಲಿ ನಗ್ತಾ ಇರ್ತಾಳೆ. ಇದರಲ್ಲಿ ಸುಮ್ಮನೆ ಕೆಲಸದ ಮಧ್ಯೆ ಎದ್ದು ಹೋದ ಹಾಗಿದೆ. ಈಗ ಬರ್ತಾಳೆ ಅನ್ನೋ ಹಾಗೆ."

ಒರೆಸೋ ಅಮ್ಮ ಮೌಸಿನಿಂದ ಕೈ ತೆಗೆದಳು. ಎಷ್ಟು ಮನೆಯಲ್ಲಿ ತಾನು ಹೀಗೆ ಒರೆಸಿ, ಸಹಿ ಹಾಕಿಸಿಕೊಂಡು, ಕೊಟ್ಟ ಕಾಫಿ ಕುಡಿದು ಬಂದಿಲ್ಲ. ಅದರ ಹಿಂದೆ ಯಾರ ಬೆಳಗು ಇತ್ತೋ ಎಂದು ಒಂದು ದಿನವೂ ಕೇಳಿರಲಿಲ್ಲ. ತನ್ನ ಮೇಲೆಯೇ ಆಕೆಗೆ ರೇಗಿತು. ರೇಗಿದಾಗ ಆಕೆ ಚೀಲದಲ್ಲಿ ಏನನ್ನೋ ಹುಡುಕುತ್ತಾಳೆ, ಈಗಲೂ ಹುಡುಕಿದಳು.

ಮೇಷ್ಟ್ರು ಪರದೆಯನ್ನೇ ನೋಡುತ್ತಾ, ತಾವೇನೂ ತಂಟೆ ಮಾಡಿಲ್ಲ ಎಂಬ ಸಮಾಧಾನಕ್ಕೋ ಏನೋ, ಮಾತು ಮುಂದುವರಿಸಿದರು. ತಾನು ಹೆಚ್ಚು ಹೊತ್ತು ಇರುವುದಿಲ್ಲ, ಕೆಲವು ಸಲ ಅದೇ ತನ್ನನ್ನು ಆಚೆ ಹಾಕಿಬಿಡುತ್ತದೆ ಎಂದರು.

ಚೀಲದಲ್ಲಿದ್ದ ಕೈ ಅಲ್ಲೇ ನಿಂತಿತು. "ಆಚೆ ಹಾಕುತ್ತೆ ಅಂದ್ರೆ?"

ಕಿಟಕಿ ತಾನಾಗಿ ಮುಚ್ಚಿಕೊಂಡು, ಈ ಹೆಸರಿನಲ್ಲಿ ಇನ್ನೊಬ್ಬರು ಒಳಬಂದಿದ್ದಾರೆ, ನಿಮ್ಮ ಸಂಪರ್ಕ ಕಡಿದಿದೆ ಎಂದು ತೋರಿಸುತ್ತದಂತೆ. ಐದು ವಾರದಲ್ಲಿ ಆರು ಸಲ ಹಾಗಾಗಿತ್ತು. ಹೀಗೇ ಒಂದು ದಿನ ಪೂರ್ತಿ ಹೋಗಿಬಿಟ್ಟರೆ ಎಂಬ ಹೆದರಿಕೆಗೆ ಮೇಷ್ಟ್ರು ಪ್ರತಿ ಸಲವೂ ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಹೊತ್ತು ಗುರುತು ಹಾಕಿದ್ದರು. ಹನ್ನೊಂದೂ ಇಪ್ಪತ್ತು. ಹನ್ನೊಂದೂ ಹದಿನೈದು. ಹನ್ನೊಂದೂವರೆ. ಆರಕ್ಕೆ ಆರೂ ಹನ್ನೊಂದರಿಂದ ಹನ್ನೊಂದೂವರೆಯ ನಡುವೆ.

ಒರೆಸೋ ಅಮ್ಮ ಚೀಲದಿಂದ ಟೈಲರ್ ಕೊಟ್ಟಿದ್ದ ವರದಿಯ ಪ್ರತಿ ಹೊರತೆಗೆದಳು. ಕೆಳಗಡೆ, ವರದಿ ಬರೆದ ಹೊತ್ತು ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಬೆಳಿಗ್ಗೆ ಹನ್ನೊಂದೂ ಇಪ್ಪತ್ತನಾಲ್ಕು.

"ಈ ವರದಿ ಬರೆದ ದಿನ ಡಾಕ್ಟರ್ ಮನೇಲೇ ಇದ್ರಾ?"

"ಇದ್ದಳು."

"ಆ ದಿನ ಏನಾಯ್ತು, ನೆನಪು ಮಾಡ್ಕೊಳ್ಳಿ."

ಮೇಷ್ಟ್ರಿಗೆ ನೆನಪು ಮಾಡಿಕೊಳ್ಳುವ ಅಗತ್ಯವೇ ಇರಲಿಲ್ಲ. ಆ ದಿನವನ್ನು ಅವರು ಮನಸ್ಸಿನಲ್ಲಿ ನೂರು ಸಲ ತಿರುವಿ ಹಾಕಿದ್ದರು. ಹನ್ನೊಂದೂ ಇಪ್ಪತ್ತರ ಸುಮಾರಿಗೆ ಹೆಂಡತಿ ಅಡುಗೆಮನೆಗೆ ಬಂದು, ಆಚೆ ಹಾಕಿತು, ಅಮ್ಮ ಬಂದಿರಬೇಕು, ಒಂದು ಲೋಟ ಟೀ ಕೊಡಿ ಎಂದು ಕೇಳಿದ್ದಳು. ಇಷ್ಟು ಹೇಳಿದ ಮೇಲೆ ಬಾಯಿಂದ ಏನು ಬಂತೆಂದು ಹೊಳೆದು, ಮೇಷ್ಟ್ರು ತುಟಿ ಬಿಗಿಹಿಡಿದರು.

"ಯಾವ ಅಮ್ಮ?" ಎಂದಳು ಒರೆಸೋ ಅಮ್ಮ.

ಮೇಷ್ಟ್ರು ಮಹಡಿಯ ಮೆಟ್ಟಿಲ ಕಡೆ ನೋಡಿದರು. ಎದ್ದು ಬಾಗಿಲು ಮುಂದೆ ಮಾಡಿ ಬಂದು, ದನಿ ತಗ್ಗಿಸಿ ಹೇಳಿದರು.

ಡಾಕ್ಟರ ತಾಯಿ ನಲವತ್ತು ವರ್ಷ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ನಿವೃತ್ತಿಯಾದ ಮೇಲೆ ಬೆರಳು ಸುಮ್ಮನಿರಲಿಲ್ಲ. ಮಗಳಿಗೆ ನೋಡುವ ಕಣ್ಣು ಚುರುಕು, ಟೈಪ್ ಮಾಡುವ ಕೈ ಆಮೆ. ಹಾಗಾಗಿ ಮಗಳು ಉದ್ದದ ವರದಿಗಳನ್ನು ಪುಟ್ಟ ರೆಕಾರ್ಡರಿನಲ್ಲಿ ಹೇಳಿ ಮೇಲಕ್ಕೆ ಕಳಿಸುವುದು, ಆ ರೋಗಿಯ ಪುಟ ತೆರೆದಿಟ್ಟು ತಾನು ಆಚೆ ಬರುವುದು. ತಾಯಿ ಮಹಡಿಯ ಕೋಣೆಯಲ್ಲಿ ತನ್ನ ಲ್ಯಾಪ್‌ಟಾಪಿನಿಂದ ಅದೇ ಹೆಸರಿನಲ್ಲಿ ಒಳಗೆ ಹೋಗಿ, ತೆರೆದಿರುವ ಪುಟದಲ್ಲಿ ಟೈಪ್ ಮಾಡುವುದು. ಒಂದು ಹೆಸರಿಗೆ ಒಬ್ಬರೇ ಇರಬಹುದು. ಎರಡನೆಯವರು ಬಂದರೆ ಮೊದಲಿನವರು ಆಚೆಗೆ. ಬಂದವರಿಗೆ, ಹೋದವರು ಬಿಟ್ಟ ಪುಟವೇ ಕಾಣುತ್ತದೆ. ಆರು ವರ್ಷ ಹೀಗೆ ನಡೆದಿತ್ತು. ಕಾನೂನಿಗೆ ತಪ್ಪು, ನಿಜ. ಮನೆಯಲ್ಲಿ ಅದನ್ನು ತಪ್ಪೆಂದು ಯಾರೂ ಅಂದುಕೊಂಡಿರಲಿಲ್ಲ. ತಾಯಿಗೆ ಒಂದು ಕೆಲಸ ಸಿಕ್ಕಿತಲ್ಲ ಎಂದೇ ಸಂತೋಷಪಟ್ಟಿದ್ದರು.

ಆ ದಿನ ಟೈಲರ್‌ನ ವರದಿ ಚಿಕ್ಕದು. 'ರೋಗ ಇದೆ' ಎಂದು ಡಾಕ್ಟರೇ ಬರೆದು, ಪುಟ ಮುಚ್ಚದೆ ಕೂತಿದ್ದರು. ಇನ್ನೊಬ್ಬ ರೋಗಿಯ 'ರೋಗ ಇಲ್ಲ' ಎಂಬ ವರದಿ ರೆಕಾರ್ಡರಿನಲ್ಲಿ ಮೇಲೆ ಹೋಗಿತ್ತು.

"ಅವಳಿನ್ನೂ ಪುಟ ಬದಲಾಯಿಸಿರಲಿಲ್ಲ. ಅಷ್ಟರಲ್ಲಿ ಅತ್ತೆ ಬಂದುಬಿಟ್ಟಿದ್ದಾರೆ. ತೆರೆದಿದ್ದ ಪುಟದಲ್ಲಿ ಟೈಪ್ ಮಾಡಿದ್ದಾರೆ," ಎಂದರು ಮೇಷ್ಟ್ರು. "ಎರಡು ತಿಂಗಳಾದ ಮೇಲೆ ವಿಚಾರಣೆ ಅಂತ ಕರೆದಾಗಲೇ ಅವಳಿಗೆ ಹೊಳೆದದ್ದು. ಅಮ್ಮನಿಗೆ ಗೊತ್ತಾಗಬಾರದು, ಗೊತ್ತಾದ್ರೆ ಉಳಿಯಲ್ಲ ಅಂದಳು. ತಪ್ಪು ನಂದು ಅಂತ ಬರೆದುಕೊಟ್ಟು ಬಂದಳು."

ಹೊರಗೆ ರಸ್ತೆಯಲ್ಲಿ ಯಾರೋ ಸ್ಕೂಟರನ್ನು ಒದ್ದು ಒದ್ದು ಸುಸ್ತಾಗಿ ಬೈಯುತ್ತಿದ್ದರು.

ಹಾಗಾದರೆ ಇಷ್ಟೇ. ಕಳ್ಳರಿಲ್ಲ, ಕೇಡಿಗರಿಲ್ಲ. ಕಣ್ಣು ಮಂಜಾದ ಒಬ್ಬ ತಾಯಿ, ಅವಳನ್ನು ಮರೆಯಲ್ಲಿಟ್ಟುಕೊಂಡ ಒಬ್ಬ ಮಗಳು. ಟೈಲರ್‌ಗೆ ಇದನ್ನು ಯಾವ ಬಾಯಿಂದ ಹೇಳುವುದೆಂದು ಒರೆಸೋ ಅಮ್ಮನಿಗೆ ತಿಳಿಯಲಿಲ್ಲ.

"ಈ ಆರು ಸಲ?" ಎಂದು ಕ್ಯಾಲೆಂಡರ್ ತೋರಿಸಿದಳು.

"ಅತ್ತೆನೇ. ಅವರೂ ನನ್ನ ಹಾಗೇ ಮಗಳನ್ನ ನೋಡೋಕೆ ಬರ್ತಾರೆ ಅಂದ್ಕೊಂಡೆ. ನೋಡ್ಕೊಳ್ಳಲಿ ಅಂತ ಸುಮ್ಮನೆ ಬಿಟ್ಟುಕೊಡ್ತಿದ್ದೆ."

ಆಮೇಲೆ ಅವರು ಕೈ ಮುಗಿದರು. ಎರಡೂ ಯಂತ್ರ ಒರೆಸಿಬಿಡಿ, ಇಲ್ಲಿಂದ ಇಬ್ಬರು ಒಳಗೆ ಹೋಗುತ್ತಿದ್ದರು ಎಂಬ ಗುರುತೇ ಉಳಿಯದಿರಲಿ ಎಂದು ಕೇಳಿಕೊಂಡರು. ಒರೆಸೋ ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. ನಾಳೆ ನಿಮ್ಮ ಹೆಂಡತಿಯ ಹೆಸರಿಗೆ ಮಸಿ ಬಳಿಯುತ್ತಾರೆ, ಬಳಿಯಲಿ ಅನ್ನುತ್ತೀರಾ, ವಾರ್ಡಿನಲ್ಲಿ ಒಬ್ಬ ಮನುಷ್ಯ ಕಾರಣ ಗೊತ್ತಿಲ್ಲದೆ ಸಾಯುತ್ತಿದ್ದಾನೆ, ಅವನು ನಿಮಗೆ ಲೆಕ್ಕಕ್ಕೇ ಇಲ್ಲವಾ ಎಂದು ಜಾಡಿಸಿದಳು. ಮೇಷ್ಟ್ರು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು.

"ಲೆಕ್ಕಕ್ಕಿದ್ದಾನೆ ಮೇಡಂ. ದಿನಾ ಅವನನ್ನೇ ನೆನಸ್ಕೋತೀನಿ. ಆದ್ರೆ ಅವಳು ಹೆಸರು ಬೇಡ, ಅಮ್ಮ ಬೇಕು ಅಂದಳು. ನಾನೇನು ಮಾಡಲಿ?"

ಒರೆಸೋ ಅಮ್ಮ ಗಡಿಯಾರ ನೋಡಿದಳು. ಹನ್ನೊಂದು ದಾಟಿತ್ತು. ಕಾಗದದಲ್ಲಿ ಬರೆದದ್ದು ಒರೆಸು ಎಂದು. ತಾನು ಸಂಬಳ ತಿನ್ನುವುದು ಒರೆಸುವುದಕ್ಕೆ. ಪಾಸ್‌ವರ್ಡ್ ಪೆಟ್ಟಿಗೆ ಮತ್ತೆ ತೆರೆದು, ಡಾಕ್ಟರ ಹೆಸರಿನ ಪಕ್ಕದ 'ತೆಗೆದುಹಾಕು' ಎಂಬ ಮಾತಿನ ಮೇಲೆ ಬಾಣ ತಂದು ನಿಲ್ಲಿಸಿದಳು. ಹಿಂದೆ ಆಸ್ಪತ್ರೆಯ ಪರದೆ ಇನ್ನೂ ತೆರೆದೇ ಇತ್ತು, ಹಳದಿ ಚೀಟಿ ಕಾಣುತ್ತಿತ್ತು.

ಬೆರಳು ಒತ್ತಲಿಲ್ಲ. ಏನು ಮಾಡಿದರೂ ಒತ್ತಲಿಲ್ಲ.

"ನಂದನ್ನೂ ಒರೆಸ್ತೀಯಾ ತಾಯಿ?"

ಬಾಗಿಲು ಮುಂದೆ ಮಾಡಿದರೆ ಏನು ಬಂತು, ಹಳೇ ಮನೆಯ ಹಲಗೆ ಬಾಗಿಲು, ಮಾತು ನಿಲ್ಲಿಸುತ್ತದೆಯೇ. ಅಜ್ಜಿ ಹೊಸ್ತಿಲ ಮೇಲೆ ನಿಂತಿದ್ದರು. ಮುಚ್ಚಿದ ಲ್ಯಾಪ್‌ಟಾಪನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡಿದ್ದರು. ಅದರ ಮೇಲಿನ ಧೂಳು ಅವರ ಬಿಳಿ ಕುಪ್ಪಸಕ್ಕೆ ಹತ್ತಿತ್ತು.

ಮೇಷ್ಟ್ರು ದಡಬಡಿಸಿ ಎದ್ದರು. "ಅತ್ತೆ, ನೀವ್ಯಾಕೆ ಕೆಳಗೆ ಬಂದ್ರಿ..."

"ಕೂತ್ಕೊಳ್ಳಿ. ನೀವು ನನ್ನಿಂದ ಮುಚ್ಚಿಟ್ರಿ, ನಾನು ನಿಮ್ಮಿಂದ ಮುಚ್ಚಿಟ್ಟೆ. ಸಾಕಿನ್ನು."

ಅಜ್ಜಿ ಕುರ್ಚಿ ಎಳೆದುಕೊಂಡು ಕೂತು ನಿಧಾನವಾಗಿ ಹೇಳಿದರು. ವಿಚಾರಣೆಯ ಸುದ್ದಿ ಬಂದ ದಿನವೇ ಅವರೂ ಲೆಕ್ಕ ಹಾಕಿದ್ದರು. ಹಳೇ ಕನ್ನಡಕದಲ್ಲಿ ಅಕ್ಷರ ಎರಡೆರಡಾಗಿ ಕಾಣುತ್ತಿದ್ದ ದಿನಗಳು ಅವು. ಯಾವ ಪುಟದಲ್ಲಿ ಟೈಪ್ ಮಾಡಿದೆನೋ ಏನೋ ಎಂದು ಮಗಳನ್ನು ಕೇಳಬೇಕೆಂದು ಎರಡು ದಿನ ಬಾಯಿಗೆ ಬಂದದ್ದನ್ನು ನುಂಗಿದರು. ಮೂರನೆಯ ದಿನ ಕೇಳಲು ಮಗಳಿರಲಿಲ್ಲ. ನಾಳೆ ಸಮಿತಿಯ ಮುಂದೆ ತಾನೇ ಹೋಗಿ ಹೇಳುವುದೆಂದು ಈಗ ತೀರ್ಮಾನ ಮಾಡಿಯೇ ಕೆಳಗೆ ಇಳಿದಿದ್ದರು. ಇಷ್ಟನ್ನೂ ಅಳದೆ ಹೇಳಿದರು. ಅತ್ತದ್ದು ಮೇಷ್ಟ್ರು.

ಒರೆಸೋ ಅಮ್ಮನ ಕಣ್ಣು ಮಾತ್ರ ಆ ಧೂಳಿನ ಮೇಲಿತ್ತು.

"ಅಜ್ಜಿ, ಮಗಳು ಹೋದ ಮೇಲೆ ಇದನ್ನ ಎಷ್ಟು ಸಲ ತೆರೆದ್ರಿ?"

"ಒಂದು ಸಲವೂ ಇಲ್ಲ. ಯಾವ ಕೈಯಿಂದ ತೆರೀಲಿ?"

ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಿದ್ದವರು ತಲೆ ಎತ್ತಿದರು. ಅವರ ನೋಟ ಕ್ಯಾಲೆಂಡರಿನ ಪೆನ್ಸಿಲ್ ಗುರುತುಗಳ ಕಡೆ ಹೋಯಿತು.

ಒರೆಸೋ ಅಮ್ಮ ಟೈಲರ್‌ನ ವರದಿಯನ್ನು ಅಜ್ಜಿಯ ಕೈಗಿಟ್ಟಳು. ಈ ಐದು ವಾರದಲ್ಲಿ ಯಾರೂ ಅದನ್ನು ಅಜ್ಜಿಗೆ ತೋರಿಸಿರಲಿಲ್ಲ, ತೋರಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಹೊಸ ಕನ್ನಡಕ ಇನ್ನೂ ಅಂಗಡಿಯಲ್ಲೇ ಇತ್ತು. ಅಜ್ಜಿ ಸೊಂಟದಿಂದ ಭೂತಗನ್ನಡಿ ತೆಗೆದು, ಸಾಲಿನ ಮೇಲೆ ಅಕ್ಷರ ಅಕ್ಷರವಾಗಿ ಸರಿಸುತ್ತಾ ಹೋದರು. ಒಂದು ಕಡೆ ನಿಲ್ಲಿಸಿದರು. ಹಿಂದಕ್ಕೆ ಬಂದರು. ಮತ್ತೆ ನಿಲ್ಲಿಸಿದರು.

"ಪೂರ್ಣವಿರಾಮ ಆದ ಮೇಲೆ ನಾನು ಎರಡು ಜಾಗ ಬಿಡ್ತೀನಿ," ಎಂದರು. "ನಲವತ್ತು ವರ್ಷ ಹಂಗೇ ಹೊಡೆದಿದ್ದು. ಮಗಳು ಎಷ್ಟು ಆಡ್ಕೊಂಡ್ರೂ ಕೈ ಕೇಳ್ತಿರಲಿಲ್ಲ. ಇದರಲ್ಲಿ ಎಲ್ಲಾ ಕಡೆ ಒಂದೇ ಬಿಟ್ಟಿದೆ."

ಒರೆಸೋ ಅಮ್ಮ ಕಾಗದ ಕಸಿದುಕೊಂಡಂತೆ ತೆಗೆದುಕೊಂಡು ನೋಡಿದಳು. ನಿಜ. ನಾಲ್ಕು ಸಾಲು, ಮೂರು ಪೂರ್ಣವಿರಾಮ, ಎಲ್ಲದರ ಮುಂದೆ ಒಂದೇ ಜಾಗ. ಸಮಿತಿಯವರು ಇದನ್ನು ಕೇಳಿದರೆ ನಕ್ಕು ಕಳಿಸುತ್ತಾರೆ, ಅದೂ ನಿಜ. ಆದರೂ ಆಕೆ ಇನ್ನೊಮ್ಮೆ ಎಣಿಸಿ ನೋಡಿದಳು.

ಅಷ್ಟರಲ್ಲಿ ಪರದೆ ಒಮ್ಮೆ ಮಿನುಗಿತು.

ಹಳದಿ ಚೀಟಿ ಮಾಯವಾಯಿತು. ಆಸ್ಪತ್ರೆಯ ಕಿಟಕಿ ಮುಚ್ಚಿಕೊಂಡು, ಅದರ ಜಾಗದಲ್ಲಿ ಒಂದು ಸಣ್ಣ ಚೌಕ ಕೂತಿತು. ಈ ಹೆಸರಿನಲ್ಲಿ ಇನ್ನೊಬ್ಬರು ಒಳಬಂದಿದ್ದಾರೆ. ನಿಮ್ಮ ಸಂಪರ್ಕ ಕಡಿದಿದೆ.

ಮೂವರೂ ಒಟ್ಟಿಗೆ ಅಜ್ಜಿಯ ಮಡಿಲು ನೋಡಿದರು. ಲ್ಯಾಪ್‌ಟಾಪ್ ಮುಚ್ಚಿದ್ದದ್ದು ಮುಚ್ಚಿಯೇ ಇತ್ತು. ಗಡಿಯಾರದಲ್ಲಿ ಹನ್ನೊಂದೂ ಹದಿನೆಂಟು.

ಒರೆಸೋ ಅಮ್ಮನಿಗೆ ಮೇಷ್ಟ್ರು ಹೇಳಿದ ಮಾತು ತಟ್ಟನೆ ನೆನಪಾಯಿತು. ಬಂದವರಿಗೆ, ಹೋದವರು ಬಿಟ್ಟ ಪುಟವೇ ಕಾಣುತ್ತದೆ. ಅಂದರೆ ಈಗ ತಾನು ವಾಪಸು ಹೋದರೆ, ಅವರು ಆಚೆ ಬೀಳುತ್ತಾರೆ. ಅವರು ಏನು ಮಾಡುತ್ತಿದ್ದರೋ ಅದು ತನ್ನ ಕಣ್ಣೆದುರು ಇರುತ್ತದೆ. ಪಾಸ್‌ವರ್ಡ್ ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಸದ್ಯ, ಬೆರಳು ಒತ್ತದೆ ಹಟ ಹಿಡಿದದ್ದು ಒಳ್ಳೆಯದಾಯಿತು.

ಒಂದು ನಿಮಿಷ ಬಿಡಬೇಕು, ಅವರು ಕೆಲಸಕ್ಕೆ ಕೈ ಹಾಕಲಿ ಎಂದು ಮನಸ್ಸು ಹೇಳಿತು. ಆಕೆ ಅರವತ್ತರವರೆಗೆ ಎಣಿಸಿದಳು. ಮೇಷ್ಟ್ರಿಗೆ ಫೋನಿನ ಕ್ಯಾಮರಾ ತೆರೆದು ಹಿಡಿದುಕೊಳ್ಳಲು ಹೇಳಿದಳು. ಆಮೇಲೆ ಸಂಪರ್ಕದ ಗುಂಡಿ ಒತ್ತಿದಳು.

ಕಿಟಕಿ ತೆರೆಯಿತು.

ಟೈಲರ್‌ನ ಪುಟ. ಅದರ ಬದಿಯಲ್ಲಿ, ಸಮಿತಿಯವರು ಇಲ್ಲವೇ ಇಲ್ಲ ಎಂದಿದ್ದ ಹಳೆಯ ಪ್ರತಿಗಳ ಸಾಲು ಬಿಚ್ಚಿಕೊಂಡಿತ್ತು. ಮೊದಲನೆಯದು ಬೆಳಿಗ್ಗೆ ಹತ್ತೂ ಐವತ್ತೆರಡರದ್ದು. ಅದರಲ್ಲಿ ಡಾಕ್ಟರ ಚುಟುಕು ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು: ರೋಗ ಇದೆ, ತಡಮಾಡದೆ ಚಿಕಿತ್ಸೆ ಶುರು ಮಾಡಿ. ಪುಟದ ನಟ್ಟನಡುವೆ ಒಂದು ಪ್ರಶ್ನೆ ತೂಗಿಕೊಂಡಿತ್ತು. 'ಈ ಪ್ರತಿಯನ್ನು ಶಾಶ್ವತವಾಗಿ ಅಳಿಸಬೇಕೆ?' ಬಾಣ 'ಹೌದು' ಎಂಬುದರ ಮೇಲೆ ಬಂದು ನಿಂತಿತ್ತು.

ಫೋನು ಕ್ಲಿಕ್ ಎಂದಿತು. ಮೊದಲ ಚಿತ್ರ ಅಲುಗಿತು, ಎರಡನೆಯದು ಸರಿ ಬಂತು. ಒರೆಸೋ ಅಮ್ಮ ಬಾಣವನ್ನು ಎಳೆದು 'ಬೇಡ' ಒತ್ತಿದಳು. ಹದಿನೆಂಟು ವರ್ಷದಲ್ಲಿ ಆಕೆ ಆ ಗುಂಡಿ ಒತ್ತಿದ್ದು ಅದೇ ಮೊದಲು.

ಮರುಕ್ಷಣವೇ ಕಿಟಕಿ ಮತ್ತೆ ಮುಚ್ಚಿಕೊಂಡಿತು. ಇನ್ನೊಬ್ಬರು ಒಳಬಂದಿದ್ದಾರೆ. ಆ ಕಡೆ ಇರುವವರಿಗೂ ಈಗ ಗೊತ್ತಾಗಿತ್ತು, ಈ ಕಡೆ ಯಾರೋ ಇದ್ದಾರೆಂದು. ಒರೆಸೋ ಅಮ್ಮ, ಹನ್ನೆರಡರ ಒಳಗೆ ಒರೆಸಿ ಬಾ ಎಂದಿದ್ದ ಕಾಗದ ಬಿಡಿಸಿ, ಕೆಳಗಿದ್ದ ದೊಡ್ಡ ಡಾಕ್ಟರ ಸಹಿ ನೋಡಿದಳು.

ಅಜ್ಜಿ ಭೂತಗನ್ನಡಿಯನ್ನು ಮಡಿಲಲ್ಲಿಟ್ಟು, ಎರಡೂ ಅಂಗೈ ಬಿಡಿಸಿ ನೋಡಿಕೊಳ್ಳುತ್ತಿದ್ದರು. ಐದು ವಾರದಿಂದ ಪಾಪಿ ಕೈ ಎಂದು ತಾವೇ ಶಪಿಸಿದ್ದ ಕೈ. ಆಮೇಲೆ ಅಳಿಯನ ಮುಖ ನೋಡಿದರು. ಅಲ್ಲಿಯವರೆಗೆ ಅಳದಿದ್ದವರ ಕಣ್ಣಿಂದ ನೀರು ತಾನಾಗಿ ಇಳಿಯತೊಡಗಿತು.

"ನಾನಲ್ಲ ಅಂದ್ರೆ," ಎಂದರು ಅಜ್ಜಿ, "ನನ್ನ ಮಗಳು ಯಾರ ತಪ್ಪನ್ನ ತಲೆ ಮೇಲೆ ಹೊತ್ಕೊಂಡು ಹೋದಳು?"